ಟೈಮ್ ಔಟ್ ಕೊಡುವುದು ಸರಿಯೇ? ನಾಲ್ಕು ವರ್ಷದ ಮಗ ತಂಗಿಗೆ ಹೊಡೆಯುತ್ತಾನೆ

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಮಗ ಮಾತಿನಮಲ್ಲ, ತುಂಬಾ ಪ್ರೀತಿಯ ಹುಡುಗ. ಆದರೆ ಈಚೆಗೆ ತಂಗಿಯನ್ನು ತಳ್ಳುವುದು, ಹೊಡೆಯುವುದು, ಅವಳ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವುದು ಜಾಸ್ತಿ ಆಗಿದೆ. ಮೊನ್ನೆ ಕಚ್ಚಿಯೂಬಿಟ್ಟ. ಪುಟ್ಟ ಕೈ ಮೇಲೆ ಹಲ್ಲಿನ ಗುರುತು ಮೂಡಿತ್ತು.

ಮಕ್ಕಳ ಮೇಲೆ ಕೈ ಮಾಡಬಾರದು ಎಂದು ನಾನೂ ನನ್ನ ಗಂಡನೂ ಮೊದಲೇ ಮಾತಾಡಿಕೊಂಡಿದ್ದೇವೆ. ಹಾಗಾಗಿ ಟೈಮ್ ಔಟ್ ಶುರು ಮಾಡಿದೆವು. ಹೊಡೆದರೆ ನಡುಮನೆಯ ಮೂಲೆಯಲ್ಲಿರುವ ಕುರ್ಚಿಯಲ್ಲಿ ಕೂರಬೇಕು. ಒಮ್ಮೊಮ್ಮೆ ಕೂರುತ್ತಾನೆ. ಒಮ್ಮೊಮ್ಮೆ ಎದ್ದು ಓಡುತ್ತಾನೆ, ನಾನು ಹಿಂದೆ ಓಡಿದರೆ ಅವನಿಗೆ ಅದೇ ಆಟ. ಇನ್ನು ಕೆಲವು ಸಲ "ಅಮ್ಮಾ, ನನ್ನ ಬಿಟ್ಟು ಹೋಗಬೇಡ" ಎಂದು ಬಿಕ್ಕಿ ಬಿಕ್ಕಿ ಅಳುತ್ತಾನೆ. ಆಗ ಕರುಳು ಕಿತ್ತು ಬಂದಂತಾಗುತ್ತದೆ.

ನಾದಿನಿ ಹೇಳುತ್ತಾಳೆ, "ಅತ್ತಿಗೆ, ಹೀಗೆ ಕೂರಿಸಿದರೆ ತಾನು ಯಾರಿಗೂ ಬೇಡ ಅನಿಸಿಬಿಡುತ್ತೆ ಅವನಿಗೆ." ಗಂಡನಿಗೆ ಇದು ಏನೇನೂ ಸಾಲದು, ಇನ್ನೂ ಬಿಗಿ ಮಾಡಬೇಕು. ನಿಮ್ಮ ಮನೆಗಳಲ್ಲಿ ಹೇಗೆ? ಎಷ್ಟು ಹೊತ್ತು ಕೂರಿಸುತ್ತೀರಿ? ಎದ್ದು ಓಡಿದರೆ ಏನು ಮಾಡುತ್ತೀರಿ?

ಹಸಿರುಗರಿ:
ವರ್ಷಕ್ಕೊಂದು ನಿಮಿಷ. ನಾಲ್ಕು ವರ್ಷ ಅಂದರೆ ನಾಲ್ಕು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ.

ತೊಟ್ಟಿಲು:
ನಿಮ್ಮ ನಾದಿನಿ ಹೇಳಿದ್ದೇ ಸರಿ. ಈ ವಯಸ್ಸಿನ ಮಗುವಿಗೆ ಸಿಟ್ಟು ನೆತ್ತಿಗೇರಿದಾಗ ತಾನಾಗಿಯೇ ಸಮಾಧಾನ ಆಗಲು ಬರುವುದಿಲ್ಲ. ದೊಡ್ಡವರು ಜೊತೆಗಿರಬೇಕು. ಸರಿಯಾಗಿ ಅದೇ ಹೊತ್ತಿಗೆ ನಾವು ಮಗುವನ್ನು ದೂರ ಕಳಿಸುತ್ತೇವೆ. "ಬಿಟ್ಟು ಹೋಗಬೇಡ" ಎಂದು ಅವನೇ ಬಾಯಿಬಿಟ್ಟು ಹೇಳುತ್ತಿದ್ದಾನಲ್ಲ, ಇನ್ನೇನು ಬೇಕು?

ನಾವು ಟೈಮ್ ಇನ್ ಮಾಡುತ್ತೇವೆ. ಗಲಾಟೆ ನಡೆದ ಜಾಗದಿಂದ ಮಗಳನ್ನು ಕರೆದುಕೊಂಡು ಬಂದು ಪಕ್ಕದಲ್ಲೇ ಕೂರುತ್ತೇವೆ. ಮಾತು ಕಡಿಮೆ. ಅವಳಿಗೆ ಬೇಕೆಂದರೆ ತೊಡೆಯ ಮೇಲೆ ಕೂರಬಹುದು. ಉಸಿರು ತಹಬಂದಿಗೆ ಬಂದ ಮೇಲೆ ಮಾತು.

ಅಂಗಳದಪ್ಪ:
ಹೊಡೆದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ, ಕಚ್ಚಿಸಿಕೊಂಡ ಮಗು ಎಲ್ಲಿ ಹೋಗಬೇಕು? ಮನೆಯಲ್ಲಿ ಇರುವುದು ಒಬ್ಬಳೇ ಅಮ್ಮ. ಆ ಹೊತ್ತಿನಲ್ಲಿ ಅವಳ ಕೈ ಮೊದಲು ಅಳುವ ಪಾಪುವಿನ ಕಡೆ ಹೋಗಬೇಕು. ತಂಗಿಗೆ ಹೊಡೆದರೆ ಅಮ್ಮ ನನ್ನ ಹತ್ತಿರ ಬರುತ್ತಾಳೆ ಎಂದು ದೊಡ್ಡವನು ಕಲಿತರೆ ಆಮೇಲೆ ಬಿಡಿಸುವುದು ಕಷ್ಟ.

ತೊಟ್ಟಿಲು:
ಪಾಪುವನ್ನು ಒಂದು ಕೈಯಲ್ಲಿ ಎತ್ತಿಕೊಂಡೇ ಇವನ ಪಕ್ಕ ಕೂರಬಹುದಲ್ವಾ? ಹೊಡೆಯಲು ಬಿಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಯೇ ಜೊತೆಗಿರುವುದು. ಪ್ರೀತಿ ತೋರಿಸುವುದೂ ತಪ್ಪು ಎಂದು ಹೇಳುವುದೂ ಒಟ್ಟಿಗೆ ಆಗುತ್ತದೆ. ಒಂದು ಇದ್ದರೆ ಇನ್ನೊಂದು ಇರಬಾರದು ಎಂದೇನಿಲ್ಲ.

ಸಂಜೆಗಾಳಿ:
ನಾವು ಚಿಕ್ಕವರಿದ್ದಾಗ ಎರಡು ಏಟು ಬಿದ್ದರೆ ಮುಗಿಯುತ್ತಿತ್ತು. ಕುರ್ಚಿ, ಗಡಿಯಾರ, ನಿಮಿಷದ ಲೆಕ್ಕ ಯಾವುದೂ ಇರಲಿಲ್ಲ. ನಾವೇನೂ ಹಾಳಾಗಲಿಲ್ಲ.

ಶಿಶುವಿಹಾರದಕ್ಕ:
ಸಂಜೆಗಾಳಿಯವರೇ, ಹೊಡೆಯುವ ಮಗುವಿಗೆ ಹೊಡೆಯಬಾರದು ಎಂದು ಕಲಿಸಲು ನಾವೇ ಹೊಡೆದರೆ ಅದು ಏನು ಕಲಿಯುತ್ತದೆ? ದೊಡ್ಡವರಾದ ಮೇಲೆ ಹೊಡೆಯಬಹುದು ಎಂದು ಕಲಿಯುತ್ತದೆ. ಸ್ವೀಡನ್ 1979ರಲ್ಲೇ ಮನೆಯಲ್ಲಿಯೂ ಮಕ್ಕಳಿಗೆ ಹೊಡೆಯುವಂತಿಲ್ಲ ಎಂದು ಕಾನೂನು ಮಾಡಿತು. ಪ್ರಪಂಚದಲ್ಲಿ ಅದೇ ಮೊದಲು. ಆಮೇಲೆ ಎಷ್ಟೋ ದೇಶಗಳು ಅದೇ ದಾರಿ ಹಿಡಿದವು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2018ರಲ್ಲಿ ಏಟು ಬೇಡ, ಕಿರುಚಾಡುವುದು, ಅವಮಾನ ಮಾಡುವುದೂ ಬೇಡ ಎಂದು ಸ್ಪಷ್ಟವಾಗಿ ಹೇಳಿತು.

ಇನ್ನು ಮೂಲ ಪ್ರಶ್ನೆಗೆ. ನಾನು ಬಹಳ ವರ್ಷಗಳಿಂದ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಟೈಮ್ ಔಟ್ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಹೇಗೆ ಮಾಡುತ್ತೀರಿ ಅನ್ನುವುದರಲ್ಲಿದೆ ಎಲ್ಲ. ಮಳೆಹನಿಯವರೇ, ಮಗನನ್ನು ಕೂರಿಸುವಾಗ ನೀವು ಏನು ಹೇಳುತ್ತೀರಿ? ಯಾವ ದನಿಯಲ್ಲಿ? ಕೂರಿಸಿದ ಮೇಲೆ ಮಾತಾಡುತ್ತೀರಾ? ಎದ್ದ ಮೇಲೆ ಏನಾಗುತ್ತದೆ? ಇದನ್ನು ಹೇಳಿದರೆ ಸಹಾಯ ಮಾಡಬಹುದು.

ಮಳೆಹನಿ:
ಅಕ್ಕಾ, ದನಿ ಜೋರಾಗಿಯೇ ಇರುತ್ತದೆ. ಪಾಪು ಅಳುವಾಗ ಮೆತ್ತಗೆ ಮಾತಾಡಲು ಆಗುವುದಿಲ್ಲ. ಕೂರಿಸಿದ ಮೇಲೆ "ಯಾಕೆ ಹೊಡೆದೆ, ಎಷ್ಟು ಸಲ ಹೇಳಿದ್ದೀನಿ, ಪಾಪುಗೆ ನೋವಾಗಲ್ವಾ" ಎಂದು ಹೇಳುತ್ತಲೇ ಇರುತ್ತೇನೆ. ಅವನೂ ತಿರುಗಿ ಹೇಳುತ್ತಿರುತ್ತಾನೆ. ಎದ್ದ ಮೇಲೆ ಸಾರಿ ಹೇಳಿಸುತ್ತೇವೆ.

ಶಿಶುವಿಹಾರದಕ್ಕ:
ಹಾಗಾದರೆ ಅವನಿಗೆ ಇನ್ನೂ ಟೈಮ್ ಔಟ್ ಸಿಕ್ಕೇ ಇಲ್ಲ. ಸಿಗುತ್ತಿರುವುದು ಅಮ್ಮನ ಪೂರ್ತಿ ಗಮನ, ಅದೂ ಕುರ್ಚಿಯ ಮೇಲೆ. ಕೂರಿಸುವಾಗ ಒಂದೇ ವಾಕ್ಯ ಸಾಕು: "ಹೊಡೆದೆ, ಅದಕ್ಕೆ ಕುರ್ಚಿ." ಆಮೇಲೆ ಮೌನ. ನೀವು ಅದೇ ಕೋಣೆಯಲ್ಲಿರಿ, ಅವನಿಗೆ ಕಾಣುವಂತೆ ಪಾಪುವನ್ನು ಸಮಾಧಾನ ಮಾಡಿ. ಬೈಗುಳ ಇಲ್ಲ, ಬುದ್ಧಿಮಾತು ಇಲ್ಲ, ಅವನ ಮಾತಿಗೆ ಉತ್ತರವೂ ಇಲ್ಲ. ಹೊತ್ತು ಮುಗಿದ ಕೂಡಲೇ ಮುಖದಲ್ಲಿ ಸಿಟ್ಟು ಉಳಿಸಿಕೊಳ್ಳದೆ ಕರೆಯಿರಿ.

ಓಲೆಗರಿ:
ಇಲ್ಲಿ ಸ್ವಲ್ಪ ಇತಿಹಾಸ ಹೇಳಿದರೆ ಉಪಯೋಗ ಆಗಬಹುದು. ನಾನು ಓದಿದ್ದು ಮನಶ್ಶಾಸ್ತ್ರ. ಈ ವಿಚಾರ ಹುಟ್ಟಿದ್ದು ಶಿಕ್ಷೆಯ ಕುರ್ಚಿಯಲ್ಲಲ್ಲ, ಪ್ರಯೋಗಶಾಲೆಯಲ್ಲಿ. 1950ರ ದಶಕದಲ್ಲಿ ಚಾರ್ಲ್ಸ್ ಫರ್ಸ್ಟರ್ ಎಂಬ ಮನಶ್ಶಾಸ್ತ್ರಜ್ಞ ಪ್ರಾಣಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಪ್ರಾಣಿಗೆ ನೋವು ಕೊಡುವ ಬದಲು, ಆಹಾರ ಗಳಿಸುವ ಅವಕಾಶವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನಾಗುತ್ತದೆ ಎಂದು ನೋಡಿದರು. 1960ರ ದಶಕದ ಆರಂಭದಲ್ಲಿ ಆರ್ಥರ್ ಸ್ಟಾಟ್ಸ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಪುಟ್ಟ ಮಗಳ ಜೊತೆ ಇದನ್ನು ಮನೆಯಲ್ಲಿ ಮಾಡಿ ನೋಡಿದರು. 1964ರಲ್ಲಿ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಮತ್ತು ಅವರ ಸಂಗಡಿಗರು ಆಟಿಸಂ ಇದ್ದ ಒಬ್ಬ ಪುಟ್ಟ ಹುಡುಗನ ಬಗ್ಗೆ ಬರೆದರು. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿ ಅವನು ಕನ್ನಡಕ ಹಾಕಲೇಬೇಕಿತ್ತು, ಆದರೆ ವಿಪರೀತ ರಂಪ ಮಾಡುತ್ತಿದ್ದ. ರಂಪಕ್ಕೆ ಟೈಮ್ ಔಟ್, ಕನ್ನಡಕ ಹಾಕಿಕೊಂಡರೆ ಬಹುಮಾನ. ಎರಡೂ ಇತ್ತು.

ಆ ಕಾಲದಲ್ಲಿ ಮಕ್ಕಳಿಗೆ ಏಟು ಮಾಮೂಲು. ಅದಕ್ಕೆ ಬದಲಾಗಿ ಬಂದ ದಾರಿ ಇದು. ಇದರ ಹಿಂದಿನ ಲೆಕ್ಕ ಸರಳ: ಮಗು ಇದ್ದ ಜಾಗದಲ್ಲಿ ಖುಷಿ ಇರಬೇಕು, ಆ ಖುಷಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ದಿನ ಮಗುವಿನ ಜೊತೆ ಆಡದ, ನಗದ ಮನೆಯಲ್ಲಿ ಟೈಮ್ ಔಟ್‌ಗೆ ಯಾವ ಅರ್ಥವೂ ಇಲ್ಲ. ನಿಲ್ಲಿಸಲು ಅಲ್ಲಿ ಏನೂ ಇರುವುದಿಲ್ಲ.

ಹಸಿರುಗರಿ:
ಚೆನ್ನಾಗಿ ಹೇಳಿದಿರಿ. ನನಗೆ ಇದು ಗೊತ್ತಿರಲಿಲ್ಲ.

ತೊಟ್ಟಿಲು:
ಓಲೆಗರಿ ಅವರೇ, ಪ್ರಾಣಿಗಳ ಪ್ರಯೋಗದಿಂದ ಬಂದದ್ದನ್ನು ನನ್ನ ಮಗುವಿನ ಮೇಲೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮಗುವಿಗೆ ಭಾವನೆ ಇದೆ. ಒಬ್ಬಂಟಿ ಮಾಡಿದಾಗ ಮೆದುಳಿನಲ್ಲಿ ಮೈನೋವಿನ ಹಾಗೆಯೇ ಕಾಣುತ್ತದೆ ಎಂದು 2014ರಲ್ಲಿ ಮನೋವೈದ್ಯ ಡೇನಿಯಲ್ ಸೀಗಲ್ ಮತ್ತು ಮನೋಚಿಕಿತ್ಸಕಿ ಟೀನಾ ಬ್ರೈಸನ್ ಬರೆದಿರಲಿಲ್ಲವೇ? ಆಗ ಎಷ್ಟೊಂದು ಚರ್ಚೆ ಆಯಿತು.

ಓಲೆಗರಿ:
ಬರೆದಿದ್ದರು. ಟೈಮ್ ಪತ್ರಿಕೆಯಲ್ಲಿ ಬಂದಿತ್ತು. ಆದರೆ ಪೂರ್ತಿ ಕಥೆ ಕೇಳಿ. ಹೊರಗಿಟ್ಟ ನೋವನ್ನು ಮೆದುಳಿನಲ್ಲಿ ತೋರಿಸಿದ, ಎಲ್ಲರೂ ಎತ್ತಿ ಹೇಳುವ 2003ರ ಅಧ್ಯಯನದಲ್ಲಿ ಇದ್ದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಅದೂ 13 ಜನ. ಅವರು ಕಂಪ್ಯೂಟರಿನಲ್ಲಿ ಚೆಂಡಾಟ ಆಡುವಾಗ ಉಳಿದ ಆಟಗಾರರು ಚೆಂಡು ಕೊಡುವುದನ್ನು ನಿಲ್ಲಿಸಿದರು. ಪ್ರೀತಿಯ ಮನೆಯಲ್ಲಿ ಅಮ್ಮನ ಕಣ್ಣೆದುರು ನಾಲ್ಕು ನಿಮಿಷ ಕೂತ ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆ ಲೇಖನಕ್ಕೆ ಬಹಳ ಆಕ್ಷೇಪ ಬಂತು. ಸಿಟ್ಟಿನಿಂದ, ಅತಿಯಾಗಿ, ತಪ್ಪಾಗಿ ಟೈಮ್ ಔಟ್ ಬಳಸುವುದೇ ತಮ್ಮ ಕಳವಳ ಎಂದು ಬರೆದವರೇ ಆಮೇಲೆ ಬಿಡಿಸಿ ಹೇಳಿದರು.

2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರ ಅಧ್ಯಯನವೂ ಬಂತು. ಸುಮಾರು 1,400 ಕುಟುಂಬಗಳ ಮಾಹಿತಿ, ಮಕ್ಕಳು ಮೂರು ವರ್ಷದವರಿದ್ದಾಗಿನಿಂದ ಹತ್ತು ಹನ್ನೊಂದು ವರ್ಷದವರೆಗೆ. ಟೈಮ್ ಔಟ್ ಬಳಸಿದ ಮನೆಗಳ ಮಕ್ಕಳಲ್ಲಿ ಆತಂಕ, ಖಿನ್ನತೆ, ಒರಟುತನ ಜಾಸ್ತಿ ಇದೆ ಎಂದು ಕಾಣಲಿಲ್ಲ.

ತೊಟ್ಟಿಲು:
ಹಾನಿ ಕಾಣಲಿಲ್ಲ ಎಂದರೆ ಒಳ್ಳೆಯದು ಎಂದಲ್ಲ. ಆ ಮನೆಗಳಲ್ಲಿ ಹೇಗೆ ಮಾಡಿದರು ಎಂದು ಅಪ್ಪ ಅಮ್ಮಂದಿರು ಹೇಳಿದ್ದರ ಮೇಲೆಯೇ ತಾನೇ ಲೆಕ್ಕ? ಮಗುವನ್ನು ಯಾರು ಕೇಳಿದರು?

ಓಲೆಗರಿ:
ಅದು ನ್ಯಾಯವಾದ ಮಾತು. ಒಪ್ಪುತ್ತೇನೆ. "ಟೈಮ್ ಔಟ್ ಕೊಟ್ಟರೆ ಮಗುವಿನ ಮನಸ್ಸು ಮುರಿಯುತ್ತದೆ" ಎಂದು ಅಮ್ಮಂದಿರನ್ನು ಹೆದರಿಸಬೇಡಿ ಅನ್ನುವುದಷ್ಟೇ ನನ್ನ ಕೋರಿಕೆ.

ಗುಬ್ಬಿಗೂಡು:
ನಾನು ದತ್ತು ಮಗಳ ತಾಯಿ. ಅವಳು ನಮ್ಮ ಮನೆಗೆ ಬಂದಾಗ ಎರಡೂವರೆ ವರ್ಷ. ಅದಕ್ಕೂ ಮೊದಲು ಅವಳನ್ನು ನೋಡಿಕೊಳ್ಳುವವರು ಪದೇ ಪದೇ ಬದಲಾಗಿದ್ದರು. ನಮ್ಮ ಆಪ್ತಸಮಾಲೋಚಕಿ ಮೊದಲ ದಿನವೇ ಹೇಳಿದ್ದರು, ಈ ಮಗುವಿಗೆ ಒಬ್ಬಳನ್ನೇ ಕೂರಿಸುವುದು ಬೇಡ ಎಂದು. ಬೇರೆ ಮಗುವಿಗೆ ಆಟ ನಿಂತಿತು ಅಂತಷ್ಟೇ ಅನಿಸುವುದು, ಇವಳಿಗೆ ಮತ್ತೆ ಬಿಟ್ಟು ಹೋದರು ಎಂದು ಅನಿಸುತ್ತದೆ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು ನಡುಗುತ್ತಿದ್ದಳು. ಇಂಥ ಮಗುವಿನ ಮನೆಯವರು ದಯವಿಟ್ಟು ಸಾಮಾನ್ಯ ಸಲಹೆಗಳನ್ನು ನೇರವಾಗಿ ಎತ್ತಿಕೊಳ್ಳಬೇಡಿ. ತಿಳಿದವರ ಹತ್ತಿರ ಮಾತಾಡಿ.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಆಟಿಕೆಗೆ ಟೈಮ್ ಔಟ್. ಎಸೆದ ಆಟಿಕೆ ಕಪಾಟಿನ ಮೇಲೆ ಹೋಗುತ್ತದೆ. ಮಗು ಅಮ್ಮನ ಹತ್ತಿರವೇ ಇರುತ್ತದೆ.

ಶಿಶುವಿಹಾರದಕ್ಕ:
ಗುಬ್ಬಿಗೂಡು ಅವರೇ, ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆದರಿದ ಮಗು, ಗಾಬರಿಯಾದ ಮಗು, ಹಸಿವು ನಿದ್ದೆಯಿಂದ ಅಳುವ ಮಗು, ಇವರಿಗೆಲ್ಲ ಟೈಮ್ ಔಟ್ ಅಲ್ಲವೇ ಅಲ್ಲ. ಬೇಕೆಂದೇ ಹೊಡೆಯುವುದು, ಕಚ್ಚುವುದು, ಎಸೆಯುವುದು, ಇವಕ್ಕೆ ಮಾತ್ರ.

ನೀಲಿಚಿಟ್ಟೆ:
ಆಟಿಸಂ ಇರುವ ಮಕ್ಕಳ ಬಗ್ಗೆಯೂ ಒಂದು ಮಾತು. ನನ್ನ ಮಗನಿಗೆ ಜೋರು ಸದ್ದು, ಗಿಜಿಗಿಜಿ ಜನ ತಡೆಯಲು ಆಗುವುದಿಲ್ಲ. ಆಗ ನೆಲಕ್ಕೆ ಬಿದ್ದು ಕಿರುಚುತ್ತಾನೆ. ನೋಡುವವರಿಗೆ ಹಟ. ಅದು ಹಟ ಅಲ್ಲ, ತಡೆಯಲಾಗದ ಸಂಕಟ. ಆಗ ಬೇಕಿರುವುದು ಕತ್ತಲು, ಮೌನ, ಅವನ ಹೊದಿಕೆ. ಇದನ್ನೇ ಶಿಕ್ಷೆಯ ಹಾಗೆ ಕೊಟ್ಟರೆ, ನೆಮ್ಮದಿ ಕೊಡುವ ಜಾಗವನ್ನೇ ಅವನಿಂದ ಕಿತ್ತುಕೊಂಡ ಹಾಗೆ. ಮಗನ ಹಿಂದಿನ ಶಾಲೆಯಲ್ಲಿ ಅವನನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನೇ ಇಡುತ್ತಿದ್ದರು. ನಮಗೆ ಹೇಳಿರಲಿಲ್ಲ. ಕೇಳಿದರೆ ಟೈಮ್ ಔಟ್ ಎಂದರು. ನಾವು ಶಾಲೆ ಬಿಡಿಸಿದೆವು. ಮಗುವನ್ನು ಕೂಡಿಹಾಕುವುದಕ್ಕೆ ಯಾವ ಹೆಸರಿಟ್ಟರೂ ಅದು ಕೂಡಿಹಾಕುವುದೇ.

ಅಂಗಳದಪ್ಪ:
ಓದಿ ಹೊಟ್ಟೆ ಉರಿಯಿತು. ಬಾಗಿಲು ಹಾಕುವುದು, ಕತ್ತಲು ಕೋಣೆ, ಬಚ್ಚಲುಮನೆ, ಇವನ್ನೆಲ್ಲ ಯಾರೂ ಯಾವತ್ತೂ ಮಾಡಬಾರದು. ಈ ಮಾತಿಗೆ ಇಲ್ಲಿ ಎರಡು ಅಭಿಪ್ರಾಯ ಇರಲಾರದು.

ಸಂಜೆಗಾಳಿ:
ಇದನ್ನು ನಾನೂ ಒಪ್ಪುತ್ತೇನೆ. ಆದರೆ ಮಾತು ಕೇಳದ ಮಗುವಿಗೆ ಸುಮ್ನೆ ಕೂರು ಎಂದರೆ ಕೂರುತ್ತದೆಯೇ? ಮಳೆಹನಿಯವರ ಪ್ರಶ್ನೆಯೇ ಅದು. ಎದ್ದು ಓಡಿದರೆ?

ಶಿಶುವಿಹಾರದಕ್ಕ:
ಸರಿ, ಅದಕ್ಕೆ ಬರೋಣ. ಮೊದಲು, ಎಲ್ಲರೂ ಖುಷಿಯಾಗಿರುವಾಗ ಅಭ್ಯಾಸ ಮಾಡಿಸಿ. ಗೊಂಬೆ ಹೊಡೆಯಿತು, ಗೊಂಬೆಗೆ ಕುರ್ಚಿ, ಗಡಿಯಾರ ಕೂಗಿತು, ಗೊಂಬೆ ವಾಪಸ್ ಆಟಕ್ಕೆ. ಆಮೇಲೆ ಅವನೇ ಕೂತು ತೋರಿಸಲಿ. ಸಿಟ್ಟು ಬಂದ ಹೊತ್ತಿನಲ್ಲಿ ಹೊಸ ನಿಯಮ ಕಲಿಸಲು ಆಗುವುದಿಲ್ಲ.

ಎದ್ದು ಬಂದರೆ ಅಟ್ಟಿಸಿಕೊಂಡು ಹೋಗಬೇಡಿ. ಮುಖದಲ್ಲಿ ಏನೂ ತೋರಿಸದೆ, ಕಣ್ಣಿಗೆ ಕಣ್ಣು ಕೊಡದೆ ಕರೆದುಕೊಂಡು ಬಂದು ಮತ್ತೆ ಕೂರಿಸಿ. ಪಕ್ಕದಲ್ಲಿ ನಿಲ್ಲಿ. ಅದೂ ಆಗದಿದ್ದರೆ "ನೀನು ಕೂತ ಮೇಲೆ ಆಟ ಶುರು" ಎಂದು ಹೇಳಿ ಆಟಿಕೆ, ಟಿವಿ ಎಲ್ಲ ನಿಲ್ಲಿಸಿ. ಬಲವಂತವಾಗಿ ಅದುಮಿ ಹಿಡಿಯಬೇಡಿ.

ಮೊದಲ ಕೆಲವು ದಿನ ರಂಪ ಹೆಚ್ಚಾಗುತ್ತದೆ, ಕಡಿಮೆಯಲ್ಲ. ಇಷ್ಟು ದಿನ ಕೆಲಸ ಮಾಡಿದ ಉಪಾಯ ಈಗ ನಡೆಯುತ್ತಿಲ್ಲವಲ್ಲ ಎಂದು ಇನ್ನೂ ಜೋರು ಮಾಡಿ ನೋಡುತ್ತಾರೆ. ಅಲ್ಲಿಗೇ ಎಷ್ಟೋ ಮನೆಯವರು ಕೈಬಿಡುತ್ತಾರೆ. ಕೈಬಿಟ್ಟರೆ, ಜೋರು ಮಾಡಿದರೆ ಗೆಲ್ಲಬಹುದು ಎಂದು ಮಗು ಕಲಿಯುತ್ತದೆ.

ಹಸಿರುಗರಿ:
ಹೊತ್ತಿನ ಬಗ್ಗೆ: ನಾನು ಹೇಳಿದ ವರ್ಷಕ್ಕೊಂದು ನಿಮಿಷ ಸರಿ ತಾನೇ?

ಓಲೆಗರಿ:
ಅದು ನೆನಪಿಟ್ಟುಕೊಳ್ಳಲು ಸುಲಭ, ಅದಕ್ಕೇ ಎಲ್ಲರೂ ಹೇಳುತ್ತಾರೆ. ಶಾಸ್ತ್ರ ಅಲ್ಲ. ಶೀಲಾ ಐಬರ್ಗ್ ಎಂಬ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ಶುರು ಮಾಡಿದ ಪೋಷಕ-ಮಗು ಚಿಕಿತ್ಸೆಯಲ್ಲಿ ವಯಸ್ಸು ನೋಡದೆ 3 ನಿಮಿಷ, ಕೊನೆಗೆ 5 ಸೆಕೆಂಡು ಸುಮ್ಮನಿದ್ದರೆ ಸಾಕು. ಮುಖ್ಯ ಇರುವುದು ಉದ್ದದಲ್ಲಲ್ಲ. ಅರ್ಧ ಗಂಟೆ ಕೂರಿಸಿದರೆ ಯಾಕೆ ಕೂತೆ ಎಂಬುದೇ ಮಗುವಿಗೆ ಮರೆತುಹೋಗುತ್ತದೆ. ಆ ಚಿಕಿತ್ಸೆಯಲ್ಲಿ ಇನ್ನೊಂದು ವಿಷಯ ಇದೆ. ಮೊದಲ ಹಂತದಲ್ಲಿ ಟೈಮ್ ಔಟ್ ಇಲ್ಲವೇ ಇಲ್ಲ. ಮಗುವಿನ ಜೊತೆ ಅದು ಹೇಳಿದಂತೆ ಆಟ ಆಡುವುದು, ಒಳ್ಳೆಯದನ್ನು ಕಂಡು ಹೊಗಳುವುದು, ಇದನ್ನು ಅಪ್ಪ ಅಮ್ಮ ಚೆನ್ನಾಗಿ ಕಲಿತ ಮೇಲೆಯೇ ಎರಡನೇ ಹಂತ.

ತೊಟ್ಟಿಲು:
ಇದು ನನಗೆ ಹಿಡಿಸಿತು. ಎಲ್ಲರೂ ಎರಡನೇ ಹಂತದಿಂದ ಶುರು ಮಾಡುತ್ತಾರೆ, ಅದೇ ತೊಂದರೆ.

ಕಾಮನಬಿಲ್ಲು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ ಆರು ವರ್ಷ. ಆಟಿಕೆ ಎತ್ತಿಡು ಎಂದರೆ ಎಸೆಯುತ್ತಾಳೆ. ಕೂರಿಸಿದರೆ ಆರಾಮಾಗಿ ಕೂರುತ್ತಾಳೆ, ಹಾಡು ಹೇಳುತ್ತಾಳೆ. ಅವಳಿಗೆ ಏನೂ ಅನಿಸುವುದೇ ಇಲ್ಲ.

ಅಂಗಳದಪ್ಪ:
ಆಟಿಕೆ ಯಾರು ಎತ್ತಿಟ್ಟರು ಕೊನೆಗೆ?

ಕಾಮನಬಿಲ್ಲು:
ನಾನೇ.

ಅಂಗಳದಪ್ಪ:
ಅದಕ್ಕೇ ಹಾಡು. ಎಸೆದರೆ ಕುರ್ಚಿ, ಕುರ್ಚಿಯಲ್ಲಿ ಕೂತರೆ ಕೆಲಸ ತಪ್ಪಿತು. ಎದ್ದ ಮೇಲೆ ಮೊದಲ ಕೆಲಸ ಅದೇ ಆಟಿಕೆ ಎತ್ತಿಡುವುದು ಆಗಿರಲಿ. ನಮ್ಮ ಹುಡುಗನೂ ಹೀಗೇ ಮಾಡುತ್ತಿದ್ದ. ಕೆಲಸ ಹೇಗೂ ತಪ್ಪುವುದಿಲ್ಲ ಎಂದು ಗೊತ್ತಾದ ಮೇಲೆ ಎಸೆಯುವುದು ತಾನಾಗಿ ನಿಂತಿತು.

ಶಿಶುವಿಹಾರದಕ್ಕ:
ಕೆಲಸ ತಪ್ಪಿಸಿಕೊಳ್ಳಲು ರಂಪ ಮಾಡುವ ಮಗುವಿಗೆ ಟೈಮ್ ಔಟ್ ಬಹುಮಾನವೇ ಆಗಿಬಿಡುತ್ತದೆ. ಅಂಗಳದಪ್ಪ ಸರಿಯಾಗಿ ಹಿಡಿದರು.

ಮೊಮ್ಮಕ್ಕಳಜ್ಜಿ:
ಎಲ್ಲರ ಮಾತೂ ಓದಿದೆ. ಮಳೆಹನಿ, ತಾಯಿ, ಒಂದು ಕೇಳಲೇ? ಅವನು ಹೊಡೆಯುವುದು ಯಾವ ಹೊತ್ತಿಗೆ? ದಿನವಿಡೀ ಹೊಡೆಯುವ ಮಗು ನಾನು ಕಂಡಿಲ್ಲ. ಅದಕ್ಕೊಂದು ಹೊತ್ತು ಇರುತ್ತದೆ.

ಮಳೆಹನಿ:
ಅಜ್ಜಿ, ನೀವು ಕೇಳಿದ ಮೇಲೆ ಯೋಚಿಸಿದೆ. ನಾನು ಪಾಪುವಿಗೆ ಊಟ ಮಾಡಿಸುವಾಗ, ಮಲಗಿಸುವಾಗ. ಮತ್ತೆ ಅವಳು ಈಗ ನಡೆಯುತ್ತಾಳೆ, ಅವನು ಕಟ್ಟಿದ್ದನ್ನೆಲ್ಲ ಬೀಳಿಸುತ್ತಾಳೆ. ಆಗ. ಅವನು ಮೊದಲು "ಅಮ್ಮಾ ನೋಡು, ಪಾಪು ಬರ್ತಿದಾಳೆ" ಎಂದು ಕೂಗುತ್ತಾನೆ. ನಾನು ಕೆಲಸದಲ್ಲಿರುತ್ತೇನೆ.

ಮೊಮ್ಮಕ್ಕಳಜ್ಜಿ:
ನೋಡಿದೆಯಾ, ಪಾಪ, ಅವನು ಮೊದಲು ನಿನ್ನನ್ನು ಕರೆಯುತ್ತಿದ್ದಾನೆ. ಯಾರೂ ಬಾರದಿದ್ದಾಗ ಕೈ ಎತ್ತುತ್ತಿದ್ದಾನೆ. ಅವನ ಆಟಕ್ಕೆ ಎತ್ತರದ ಮೇಜು ಕೊಡು, ಪಾಪುವಿಗೆ ಎಟುಕದ ಹಾಗೆ. ಪಾಪುವಿಗೆ ಉಣಿಸುವಾಗ ಅವನಿಗೂ ಒಂದು ಕೆಲಸ ಕೊಡು. ತಟ್ಟೆ ತರಲಿ, ಬಾಯಿ ಒರೆಸಲಿ. ಮಲಗಿಸುವ ಮುಂಚೆ ಅವನೊಬ್ಬನ ಜೊತೆಯೇ ಸ್ವಲ್ಪ ಹೊತ್ತು ಕೂರು. ಕುರ್ಚಿ ಇರಲಿ, ನಾನು ಬೇಡ ಅನ್ನುವುದಿಲ್ಲ. ಕೈ ಮಾಡಬಾರದು ಅಂತ ಅವನಿಗೆ ಗೊತ್ತಾಗಲೇಬೇಕು. ಆದರೆ ಅವನು ಕೂಗಿದಾಗ ಓಗೊಟ್ಟರೆ ಕುರ್ಚಿಯವರೆಗೆ ಹೋಗುವ ದಿನ ಕಡಿಮೆಯಾಗುತ್ತವೆ.

ತೊಟ್ಟಿಲು:
ಅಜ್ಜಿ ಹೇಳಿದ್ದನ್ನೇ ನಾನು ಮೊದಲಿನಿಂದ ಹೇಳಲು ನೋಡುತ್ತಿದ್ದುದು.

ಅಂಗಳದಪ್ಪ:
ಇಲ್ಲ, ನೀವು ಕುರ್ಚಿಯೇ ಬೇಡ ಅಂದಿರಿ. ಅಜ್ಜಿ ಎರಡೂ ಇರಲಿ ಅಂದರು. ದೊಡ್ಡ ವ್ಯತ್ಯಾಸ ಇದೆ.

ಗಾಳಿಪಟ:
ಎರಡು ಪ್ರಶ್ನೆ. ಸಾರಿ ಹೇಳಿಸುವುದು ಸರಿಯೇ? ಹೊರಗಡೆ ಹೋದಾಗ ಹೊಡೆದರೆ ಏನು ಮಾಡುವುದು, ಅಲ್ಲಿ ಕುರ್ಚಿ ಇರುವುದಿಲ್ಲ.

ಹಸಿರುಗರಿ:
ಹೊರಗಡೆ ಬೆಂಚು, ಮೆಟ್ಟಿಲು, ಗೋಡೆಯ ಪಕ್ಕ, ಎಲ್ಲಾದರೂ ಆಗುತ್ತದೆ. ಜನರಿಂದ ಸ್ವಲ್ಪ ಈಚೆಗೆ ಬನ್ನಿ. ಎಲ್ಲರೆದುರು ಕೂರಿಸಿ ಬೈದರೆ ಮಗುವಿಗೆ ಅವಮಾನ ಮಾತ್ರ ನೆನಪಿರುತ್ತದೆ. ಮನೆಗೆ ಹೋದ ಮೇಲೆ ಕೊಡುತ್ತೇನೆ ಎಂದು ಹೇಳುವುದು ಬೇಡ. ಮನೆ ಮುಟ್ಟುವಷ್ಟರಲ್ಲಿ ಪುಟ್ಟ ಮಗುವಿಗೆ ಎಲ್ಲ ಮರೆತಿರುತ್ತದೆ.

ಗುಬ್ಬಿಗೂಡು:
ಬಲವಂತದ ಸಾರಿಯಿಂದ ಏನೂ ಪ್ರಯೋಜನ ಇಲ್ಲ. ನೋವಾದವರಿಗೆ ಏನಾದರೂ ಮಾಡಲಿ. ನೀರು ತಂದುಕೊಡುವುದು, ಬಿದ್ದ ಗೊಂಬೆ ಎತ್ತಿಕೊಡುವುದು. ಪುಟ್ಟ ಮಕ್ಕಳಿಗೆ ಬಾಯಿಮಾತಿಗಿಂತ ಕೈಕೆಲಸ ಬೇಗ ಅರ್ಥವಾಗುತ್ತದೆ.

ಸಂಜೆಗಾಳಿ:
ಸಾರಿ ಹೇಳಿಸಲೇಬೇಕು. ಮನಸ್ಸಿನಿಂದ ಬರಲಿ ಬಿಡಲಿ, ಬಾಯಿಗೆ ಅಭ್ಯಾಸ ಆಗಬೇಕು. ನಮಸ್ಕಾರ ಹೇಳುವುದನ್ನೂ ನಾವು ಹಾಗೇ ಕಲಿಸುತ್ತೇವೆ ಅಲ್ವಾ?

ಗುಬ್ಬಿಗೂಡು:
ನಮಸ್ಕಾರ ಸಿಟ್ಟಿನ ನಡುವೆ ಹೇಳಿಸುವುದಿಲ್ಲ. ಇದನ್ನು ಒಪ್ಪಲಾರೆ.

ಬೆಳದಿಂಗಳು:
ಒಂಬತ್ತು ವರ್ಷದ ಮಗನಿಗೆ ಇದು ನಡೆಯುತ್ತದೆಯೇ?

ಓಲೆಗರಿ:
ಅಷ್ಟು ಚೆನ್ನಾಗಿ ಅಲ್ಲ. ಸಾಮಾನ್ಯವಾಗಿ ಎರಡರಿಂದ ಏಳೆಂಟು ವರ್ಷದವರೆಗೆ ಎನ್ನುತ್ತಾರೆ. ಎರಡು ವರ್ಷಕ್ಕಿಂತ ಚಿಕ್ಕವರಿಗೆ ಯಾಕೆ ಕೂತೆವು ಎಂದೇ ತಿಳಿಯುವುದಿಲ್ಲ. ಒಂಬತ್ತಕ್ಕೆ ಮಾತಾಡಿ ನಿಯಮ ಮಾಡಿಕೊಳ್ಳುವುದು, ಮುರಿದರೆ ಫೋನು ಅಥವಾ ಆಟದ ಹೊತ್ತು ಕಡಿಮೆ ಮಾಡುವುದು ಒಳ್ಳೆಯದು. ಅದೂ ಒಂದು ದಿನಕ್ಕೆ. ತಿಂಗಳುಗಟ್ಟಲೆ ಕಿತ್ತುಕೊಂಡರೆ ಅವನಿಗೆ ಕಳೆದುಕೊಳ್ಳಲು ಇನ್ನೇನೂ ಉಳಿಯುವುದಿಲ್ಲ.

ಬೆಳದಿಂಗಳು:
ಫೋನ್ ವಿಷಯ ತೆಗೆದರೆ ಬೇರೆಯೇ ಚರ್ಚೆ ಆಗುತ್ತದೆ. ಅದಕ್ಕೆ ಇನ್ನೊಂದು ಕಡೆ ಬರೆಯುತ್ತೇನೆ.

ನೀಲಿಚಿಟ್ಟೆ:
ಒಂದು ವಿಷಯ ಯಾರೂ ಹೇಳಲಿಲ್ಲ. ಅಪ್ಪ ಅಮ್ಮಂದಿರಿಗೂ ಬಿಡುವು ಬೇಕು. ಕೈ ಎತ್ತುವಷ್ಟು ಸಿಟ್ಟು ಬಂದಾಗ ಮಕ್ಕಳನ್ನು ಸುರಕ್ಷಿತ ಜಾಗದಲ್ಲಿ ಇರಿಸಿ, ಎರಡು ನಿಮಿಷ ಪಕ್ಕಕ್ಕೆ ಹೋಗಿ ನೀರು ಕುಡಿದು ಬನ್ನಿ. "ಅಮ್ಮನಿಗೆ ಸಿಟ್ಟು ಬಂದಿದೆ, ಸಮಾಧಾನ ಮಾಡಿಕೊಂಡು ಬರ್ತೀನಿ" ಎಂದು ಹೇಳಿಯೇ ಹೋಗಿ. ಸಿಟ್ಟನ್ನು ಹೇಗೆ ಇಳಿಸಿಕೊಳ್ಳಬೇಕು ಎಂದು ಮಕ್ಕಳು ನೋಡಿಯೇ ಕಲಿಯುತ್ತಾರೆ.

ಮಳೆಹನಿ:
ಎಲ್ಲರಿಗೂ ಧನ್ಯವಾದ. ಕೆಲವು ದಿನ ಬಿಟ್ಟು ಬರೆಯುತ್ತಿದ್ದೇನೆ. ಅವನ ಆಟದ ತುಂಡುಗಳೆಲ್ಲ ಈಗ ಎತ್ತರದ ಮೇಜಿನ ಮೇಲಿವೆ. ಊಟದ ಹೊತ್ತಿಗೆ ಪಾಪುವಿನ ಬಟ್ಟಲು ತರುವುದು ಅವನ ಕೆಲಸ, ಬೇರೆ ಯಾರೂ ಮುಟ್ಟುವಂತಿಲ್ಲ. ಕುರ್ಚಿ ಬಿಟ್ಟಿಲ್ಲ. ಆದರೆ ಮೂಲೆಯಿಂದ ತೆಗೆದು ನನಗೆ ಕಾಣುವ ಕಡೆ ಇಟ್ಟಿದ್ದೇನೆ. ಮೂರು ನಿಮಿಷ, ಒಂದೇ ವಾಕ್ಯ. "ಬಿಟ್ಟು ಹೋಗಬೇಡ" ಎಂದರೆ "ಇಲ್ಲೇ ಇದ್ದೀನಿ ಕಂದಾ" ಎಂದಷ್ಟೇ ಹೇಳುತ್ತೇನೆ.

ಗಂಡನ ಜೊತೆ ಇನ್ನೂ ವಾದ ನಡೆಯುತ್ತಿದೆ. ಅವರಿಗೆ ಐದು ನಿಮಿಷ ಆಗಬೇಕು, ಸಾರಿಯೂ ಹೇಳಿಸಬೇಕು. ನಿನ್ನೆ ಅವನು ಹೊಡೆದ, ಹೊಡೆದು ತಾನೇ ಹೋಗಿ ಕುರ್ಚಿಯಲ್ಲಿ ಕೂತ. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ತೊಟ್ಟಿಲು:
"ಇಲ್ಲೇ ಇದ್ದೀನಿ" ಎಂದು ಹೇಳುತ್ತೀರಲ್ಲ, ಓದಿ ಮನಸ್ಸು ಹಗುರವಾಯಿತು. ತಾನೇ ಹೋಗಿ ಕೂತದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಹೊಡೆತಕ್ಕೆ ಕುರ್ಚಿ ಬೆಲೆ ಎಂದು ಲೆಕ್ಕ ಹಾಕಿದ ಹಾಗಿದೆ.

ಶಿಶುವಿಹಾರದಕ್ಕ:
ಇಷ್ಟು ಬೇಗ ಹಾಗೆ ತೀರ್ಮಾನ ಮಾಡುವುದು ಬೇಡ. ಮುಖ ನೋಡಿ. ನಗುತ್ತಾ ಹೋಗಿ ಕೂತರೆ ತೊಟ್ಟಿಲು ಹೇಳಿದಂತೆ ಲೆಕ್ಕ ಹಾಕಿದ್ದಾನೆ. ಮುಖ ಬಾಡಿದ್ದರೆ ನಿಯಮ ಅರ್ಥವಾಗಿದೆ, ಕೈ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ನಾಲ್ಕು ವರ್ಷಕ್ಕೆ ಅದು ಸಹಜ. ಹಾಗಿದ್ದರೆ ಅವನು ಕೈ ತಡೆದುಕೊಂಡ ಹೊತ್ತನ್ನು ಹುಡುಕಿ ಹೊಗಳಿ. "ಪಾಪು ಬೀಳಿಸಿದಳು, ನೀನು ಹೊಡೆಯಲಿಲ್ಲ, ನನ್ನನ್ನು ಕರೆದೆ" ಎಂದು ನಡೆದದ್ದನ್ನು ನಡೆದ ಹಾಗೆಯೇ ಹೇಳಿ.

ಇನ್ನು ನೀವಿಬ್ಬರೂ ಮೂರೋ ಐದೋ ಒಂದಕ್ಕೆ ಒಪ್ಪಿಕೊಳ್ಳಿ. ನಿಮಿಷ ಎರಡು ಹೆಚ್ಚು ಕಡಿಮೆ ಆದರೆ ಏನೂ ಆಗುವುದಿಲ್ಲ. ಅಪ್ಪನ ಹತ್ತಿರ ಒಂದು ನಿಯಮ, ಅಮ್ಮನ ಹತ್ತಿರ ಇನ್ನೊಂದು ಇದ್ದರೆ ಮಗು ದಿನಾ ಪರೀಕ್ಷೆ ಮಾಡುತ್ತಲೇ ಇರುತ್ತದೆ.

ಮಳೆಹನಿ:
ಮುಖ ಬಾಡಿತ್ತು ಅಕ್ಕಾ.

ಗಾಳಿಪಟ:
ನಮ್ಮ ಮನೆಯಲ್ಲಿ ಅವಳಿ ಮಕ್ಕಳು, ಐದು ವರ್ಷ. ಯಾರು ಶುರು ಮಾಡಿದರು ಎಂದೇ ಗೊತ್ತಾಗುವುದಿಲ್ಲ. ಇಬ್ಬರನ್ನೂ ಕೂರಿಸಬೇಕೇ?

ಅಂಗಳದಪ್ಪ:
ಕಣ್ಣಾರೆ ನೋಡದಿದ್ದರೆ ನ್ಯಾಯ ತೀರಿಸಲು ಹೋಗಬೇಡಿ. ಜಗಳಕ್ಕೆ ಕಾರಣವಾದ ಆಟಿಕೆ ಕಪಾಟಿನ ಮೇಲೆ ಹೋಗಲಿ. ಹೇಗೆ ಹಂಚಿಕೊಳ್ಳುತ್ತೀರಿ ಎಂದು ಇಬ್ಬರೂ ಸೇರಿ ಬಂದು ಹೇಳಿದರೆ ವಾಪಸ್ ಕೊಡಿ. ಹೊಡೆದದ್ದು ಕಂಡರೆ ಇಬ್ಬರಿಗೂ ಬೇರೆ ಬೇರೆ ಕಡೆ ಕುರ್ಚಿ ಹಾಕಿ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ. ಎದುರುಬದುರು ಕೂತರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.